ನಾಲಿಗೆ, ನೆತ್ತಿ, ಸೂಜಿ

ನಮ್ಮತ್ತೆಗೆ ಎರಡು ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಮಗುವಿನ ನೆತ್ತಿ ಒಣಗಬಾರದು, ನಾಲಿಗೆ ದಪ್ಪ ಆಗಬಾರದು. ನೆತ್ತಿಗೆ ಹರಳೆಣ್ಣೆ, ನಾಲಿಗೆಗೆ ಬಜೆ. ಸಾಣೆಕಲ್ಲಿನ ಮೇಲೆ ಬಜೆ ಬೇರು ತೇಯ್ದು, ಅದರ ಮೇಲೆ ತಮ್ಮ ಬಂಗಾರದ ಉಂಗುರವನ್ನೂ ಒಂದೆರಡು ಸುತ್ತು ಉಜ್ಜಿ, ಜೇನು ಬೆರೆಸಿ ನೆಕ್ಕಿಸುತ್ತಿದ್ದರು. ಮಗನಿಗೆ ಎರಡು ತುಂಬಿ ಮೂರಕ್ಕೆ ಬಿದ್ದರೂ ಮಾತು ಬರದಿದ್ದಾಗ ಬಜೆ ತೇಯುವ ಸುತ್ತುಗಳು ಹೆಚ್ಚಾದವು. "ಗಂಡು ಹುಡುಗ್ರಿಗೆ ಮಾತು ತಡ ಕಣವ್ವಾ. ಇವರಪ್ಪ ಬಾಯಿ ಬಿಟ್ಟಿದ್ದೇ ನಾಕು ವರ್ಷಕ್ಕೆ" ಅನ್ನುತ್ತಿದ್ದರು. ಮಾತು ಬಂದರೆ ಸೌತಡ್ಕದ ಗಣಪನಿಗೆ ಗಂಟೆ ಕಟ್ಟುತ್ತೇನೆಂದು ಹರಕೆಯನ್ನೂ ಹೊತ್ತರು.

ಆಟಿಸಂ ಎಂಬ ಪದ ನಮ್ಮ ಮನೆಗೆ ಬಂದದ್ದು ಮೈಸೂರಿನಿಂದ. ದಾವಣಗೆರೆಯಲ್ಲಿ ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ಸಾಲಿನಲ್ಲಿ ನಿಂತೆವು. 1965ರಲ್ಲಿ ಶುರುವಾದ ಆ ಸಂಸ್ಥೆಯನ್ನು ನಮ್ಮ ಕಡೆಯವರು ಈಗಲೂ "ಸ್ಪೀಚ್ ಅಂಡ್ ಹಿಯರಿಂಗು" ಅಂತಲೇ ಕರೆಯುವುದು. ಅಲ್ಲಿ ನಲವತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ನಮ್ಮ ಮುಂದಿಟ್ಟರು. ಭಾರತದ ಮಕ್ಕಳಿಗೆಂದೇ ಮಾಡಿದ ಅಳತೆಗೋಲು ಅದು, ಐಸಾ ಎನ್ನುತ್ತಾರೆ. ಒಂದೊಂದು ಪ್ರಶ್ನೆಗೂ ಒಂದರಿಂದ ಐದು ಅಂಕ. ಎಪ್ಪತ್ತರ ಒಳಗಿದ್ದರೆ ಆಟಿಸಂ ಇಲ್ಲ, 107 ಮುಟ್ಟಿದರೆ ಮಧ್ಯಮ, 153 ದಾಟಿದರೆ ತೀವ್ರ. ನಮ್ಮವನಿಗೆ 118 ಬಂತು. ಜೀವನದಲ್ಲಿ ಮೊದಲ ಸಲ ಮಗನಿಗೆ ಅಂಕ ಕಡಿಮೆ ಬರಲಿ ಎಂದು ಬೇಡಿಕೊಂಡಿದ್ದೆ.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ, ಸಲಹೆಗಳ ಸುಗ್ಗಿ. ಗೋಧಿ ಬಿಡಿ, ಹಾಲು ಬಿಡಿ, ಒಂಟೆ ಹಾಲು ತರಿಸಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ತಮ್ಮ ಹುಡುಗನಿಗೆ ತಲೆಗೆ ಸೂಜಿ, ಅಂದರೆ ಅಕ್ಯುಪಂಕ್ಚರ್, ಹಾಕಿಸಿದ ಮೇಲೆ "ತುಂಬಾ ಫರಕ್" ಬಿದ್ದಿದೆ ಎಂದು ಬರೆದರು. ಆ ಫರಕ್ ಎನ್ನುವ ಪದ ಇದೆಯಲ್ಲ, ಆಟಿಸಂ ಇರುವ ಮಕ್ಕಳ ತಾಯಂದಿರನ್ನು ಎಲ್ಲಿಂದ ಎಲ್ಲಿಗೆ ಬೇಕಾದರೂ ಎಳೆದೊಯ್ಯುತ್ತದೆ.

ಸೂಜಿಯವರ ಕ್ಲಿನಿಕ್ ಒಂದು ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿತ್ತು. ಗೋಡೆಯ ಮೇಲೆ ಮನುಷ್ಯನ ದೇಹದ ದೊಡ್ಡ ಪಟ, ಅದರ ತುಂಬ ಚುಕ್ಕಿ ಗೆರೆ. ಪಕ್ಕದಲ್ಲಿ ಡಾ. ಕೋಟ್ನಿಸರ ಕಪ್ಪುಬಿಳುಪು ಫೋಟೊ. ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಓದಿಕೊಂಡೆ. ಕೋಟ್ನಿಸ್ ನಮ್ಮ ಪಕ್ಕದ ಸೊಲ್ಲಾಪುರದವರು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಭಾರತದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರು. ಅಲ್ಲೇ ಮದುವೆಯಾಗಿ, 1942ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ಅವರು ಶಸ್ತ್ರವೈದ್ಯರು, ಹಿಡಿದದ್ದು ಕತ್ತರಿ ಚಾಕು. ಅದೇ ತಂಡದಲ್ಲಿದ್ದ ಬಂಗಾಳದ ಡಾ. ಬಿಜಯ್ ಕುಮಾರ್ ಬಸು ಮುಂದೆ ಮತ್ತೊಮ್ಮೆ ಚೀನಾಕ್ಕೆ ಹೋಗಿ ಸೂಜಿ ವಿದ್ಯೆ ಕಲಿತು 1959ರಲ್ಲಿ ಕಲ್ಕತ್ತೆಗೆ ತಂದರು. 1996ರಲ್ಲಿ ಪಶ್ಚಿಮ ಬಂಗಾಳ ಅದಕ್ಕೊಂದು ಕಾಯ್ದೆಯನ್ನೇ ಮಾಡಿತು. ಬಸು ಅವರ ಫೋಟೊ ಇರಬೇಕಾದ ಜಾಗದಲ್ಲಿ ಕೋಟ್ನಿಸ್ ಇದ್ದರು. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ, ದೇವರ ಮನೆಯಲ್ಲಿ ಯಾವ ಫೋಟೊ ಇಡಬೇಕೆಂದು ಇತಿಹಾಸ ಓದಿ ಯಾರೂ ತೀರ್ಮಾನ ಮಾಡುವುದಿಲ್ಲ.

ಸೂಜಿಯವರು ಒಳ್ಳೆಯ ಮನುಷ್ಯ. ಇದನ್ನು ಹೇಳದೆ ಮುಂದಕ್ಕೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ಅದಕ್ಕೆ ಮೊದಲು ನಾವು ತೋರಿಸಿದ್ದ ದೊಡ್ಡ ಡಾಕ್ಟರೊಬ್ಬರು ನಮಗೆ ಕೊಟ್ಟದ್ದು ಏಳು ನಿಮಿಷ, ಅದರಲ್ಲಿ ಎರಡು ನಿಮಿಷ ಫೋನಿನಲ್ಲಿದ್ದರು. ಇವರು ಮುಕ್ಕಾಲು ಗಂಟೆ ಕೂತು ಬಸುರಿಯಿಂದ ಹಿಡಿದು ಎಲ್ಲ ಕೇಳಿದರು. ಮಗ ಅವರ ಮೇಜಿನ ಸ್ಟೇಪ್ಲರ್ ತೆಗೆದು ಮೂವತ್ತು ಸಲ ಒತ್ತಿದ, ಒಮ್ಮೆಯೂ "ಮಗುನ ಹಿಡ್ಕೊಳ್ಳಿ" ಅನ್ನಲಿಲ್ಲ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ದಿನಾ ಆ ಮಾತು ಕೇಳುವವಳಿಗೆ ಅಷ್ಟೇ ಸಾಕಾಗಿತ್ತು. ನಾನು ಹಣ ಕೊಟ್ಟದ್ದು ಸೂಜಿಗೋ ಆ ಮುಕ್ಕಾಲು ಗಂಟೆಗೋ, ಈಗಲೂ ನಿಖರವಾಗಿ ಹೇಳಲಾರೆ.

ಅವರು ವಿವರಿಸಿದ್ದು ಹೀಗೆ. ಚೀನಾದ ವೈದ್ಯದಲ್ಲಿ ನಾಲಿಗೆ ಹೃದಯದ ಚಿಗುರು. ಹೃದಯ ಮನಸ್ಸಿನ ಮನೆ. ಆದ್ದರಿಂದ ಮಾತು ಬರದ ಮಗುವಿನ ತೊಂದರೆ ನಾಲಿಗೆಯದಲ್ಲ, ಒಳಗಿನದು. ಮುಂಗೈ ಗೆಣ್ಣಿನ ಬಳಿ ಶೆನ್‌ಮೆನ್ ಎಂಬ ಬಿಂದುವಿದೆ, ಹೆಸರಿನ ಅರ್ಥ ಚೈತನ್ಯದ ಬಾಗಿಲು. ನೆತ್ತಿಯ ಮಧ್ಯದಲ್ಲಿ ಬೈಹುಯಿ, ಎಂದರೆ ನೂರು ಕೂಡುವ ಜಾಗ. ಗುವಾಂಗ್‌ಝೌನ ಜಿನ್ ರುಯಿ ಎಂಬ ಪ್ರೊಫೆಸರರು ಮೂರು ಮೂರು ಸೂಜಿಗಳ ಜೋಡಣೆಯೊಂದನ್ನು ರೂಢಿಗೆ ತಂದಿದ್ದಾರೆ, ತಾನು ಅದನ್ನೇ ಅನುಸರಿಸುವುದು ಎಂದರು. ಬೆರಳಿನಿಂದ ಮಗನ ತಲೆಯ ಮೇಲೆ ಜಾಗ ತೋರಿಸಿದರು. ನಮ್ಮತ್ತೆ ಪಕ್ಕದಲ್ಲೇ ಇದ್ದರು. "ನಾನು ಎಣ್ಣಿ ಇಡೋ ಜಾಗನೇ!" ಅಂದರು. ನಾಲಿಗೆ, ನೆತ್ತಿ. ಎರಡೂ ತಾಳೆಯಾಗಿ ಹೋಯಿತು. ಅತ್ತೆಯ ಒಪ್ಪಿಗೆ ಸಿಕ್ಕಿದ್ದು ಅಲ್ಲಿಯೇ.

ಚೀನಾದ ಹಳೆಯ ವೈದ್ಯದಲ್ಲಿ ಆಟಿಸಂ ಎಂಬ ಕಾಯಿಲೆಯೇ ಇಲ್ಲ. ಇರಲು ಸಾಧ್ಯವೂ ಇಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದು ಆ ಹೆಸರನ್ನು ಗಟ್ಟಿ ಮಾಡಿದ್ದು 1943ರಲ್ಲಿ. ಚೀನಾದ ವೈದ್ಯದಲ್ಲಿರುವುದು "ಐದು ತಡಗಳು". ನಿಲ್ಲುವುದು ತಡ, ನಡೆಯುವುದು ತಡ, ಕೂದಲು ತಡ, ಹಲ್ಲು ತಡ, ಮಾತು ತಡ. ಈಗಿನವರು ಆಟಿಸಂ ಇರುವ ಮಗುವನ್ನು ಇದರ ಕೊನೆಯ ತಡದಲ್ಲಿ ಕೂರಿಸುತ್ತಾರೆ. ಐದರಲ್ಲಿ ಮೂರನ್ನಾದರೂ ನಮ್ಮ ಅಜ್ಜಿಯಂದಿರೂ ಇದೇ ಧಾಟಿಯಲ್ಲಿ ಎಣಿಸುತ್ತಿದ್ದರಲ್ಲವೇ? ತಡ ಎಂದರೆ ಯಾವತ್ತಾದರೂ ಬಂದೇ ಬರುತ್ತದೆ ಎಂದರ್ಥ. ಆ ಪದದೊಳಗಿನ ಸಮಾಧಾನವೇ ನಮ್ಮನ್ನು ಕಟ್ಟಿಹಾಕುವುದು. ನನ್ನ ಮಗ ಆಟಿಕೆ ಕಾರನ್ನು ಓಡಿಸದೆ ಮಗುಚಿ ಚಕ್ರವನ್ನೇ ಅರ್ಧ ಗಂಟೆ ನೋಡುವುದು ಯಾವ ತಡ? ಕುಕ್ಕರ್ ಕೂಗಿದರೆ ಮಂಚದ ಕೆಳಗೆ ನುಗ್ಗುವುದು?

ಸೂಜಿ ಕೂದಲೆಳೆಯಷ್ಟು ತೆಳ್ಳಗಿರುತ್ತದೆ. ನಾನು ಮೊದಲು ನನ್ನ ಕೈಗೇ ಹಾಕಿಸಿಕೊಂಡೆ, ಸೊಳ್ಳೆ ಕಚ್ಚಿದಷ್ಟೂ ಅನ್ನಿಸಲಿಲ್ಲ. ಆದರೆ ನನ್ನ ಚರ್ಮವೇ ಬೇರೆ, ಅವನ ಚರ್ಮವೇ ಬೇರೆ. ಅವನ ಜವಳದ ದಿನ ದೇವಸ್ಥಾನದ ಅಂಗಳದಲ್ಲಿ ಐದು ಜನ ಹಿಡಿದಿದ್ದೆವು, ಕ್ಷೌರ ಅರ್ಧಕ್ಕೇ ನಿಂತಿತ್ತು. ತಲೆ ಮುಟ್ಟಿದರೆ ಅವನಿಗೆ ಏನಾಗುತ್ತದೋ ಅವನಿಗೇ ಗೊತ್ತು. ಅಂಥ ತಲೆಗೆ ಒಂದು ಸಿಟ್ಟಿಂಗ್‌ಗೆ ಏಳೆಂಟು ಸೂಜಿ, ಅರ್ಧ ಗಂಟೆ ಹಾಗೇ ಬಿಡಬೇಕು. ನಾನು ಎರಡೂ ಕೈ ಹಿಡಿಯುತ್ತಿದ್ದೆ. ಇವರು ತಲೆ. ಸೂಜಿಯವರು ಮೆಲ್ಲಗೆ ಏನೋ ಹಾಡು ಗುನುಗುತ್ತ ಹಾಕುತ್ತಿದ್ದರು. ಮೊದಲೆರಡು ಸಿಟ್ಟಿಂಗ್ ಕಿರುಚಾಟ. ಆಮೇಲೆ ಕಿರುಚಾಟ ಕಡಿಮೆಯಾಯಿತು. ಅದನ್ನು ನಾವು "ಅಡ್ಜಸ್ಟ್ ಆಗ್ತಿದಾನೆ" ಎಂದು ಕರೆದೆವು. ಆ ರಾತ್ರಿಗಳಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ಅದನ್ನೂ ಸೂಜಿಯ ಲೆಕ್ಕಕ್ಕೇ ಬರೆದೆವು. ಎರಡು ಗಂಟೆ ಅತ್ತ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ ಎನ್ನುವುದು ನನಗೆ ಮೊದಲೇ ಗೊತ್ತಿರಬೇಕಿತ್ತು.

ಏಳನೆಯ ಸಿಟ್ಟಿಂಗ್‌ನ ದಿನ. ಮೂರನೆಯ ಸೂಜಿ ನೆತ್ತಿಯ ಹತ್ತಿರ ಬಂದಾಗ ಮಗ ನನ್ನ ಕಡೆ ತಿರುಗಿ, ಸ್ಪಷ್ಟವಾಗಿ, "ಬ್ಯಾಡ" ಅಂದ.

ಕೋಣೆ ನಿಶ್ಶಬ್ದವಾಯಿತು. ಇವರ ಕಣ್ಣಲ್ಲಿ ನೀರು. ನಾನು ಅವನ ಮುಖಕ್ಕೆ ಮುಖ ಒತ್ತಿ "ಇನ್ನೊಂದ್ಸಲ ಅನ್ನು ಪುಟ್ಟಾ, ಇನ್ನೊಂದ್ಸಲ" ಅಂದೆ. ಅಂದ. "ಬ್ಯಾಡ." ಸೂಜಿಯವರು ಫೈಲಿನಲ್ಲಿ ತಾರೀಖು ಹಾಕಿ, ಮಾತು ಶುರು ಎಂದು ಬರೆದರು. ಅವರ ಕೈಯೂ ನಡುಗುತ್ತಿತ್ತು. ಆಮೇಲೆ ಉಳಿದ ಸೂಜಿಗಳನ್ನು ಹಾಕಿದರು. ನಾನು ಕೈ ಹಿಡಿದೆ, ಇವರು ತಲೆ ಹಿಡಿದರು. ಬರುವಾಗ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದೆವು. ಅತ್ತೆ ಸಾಲಾಗಿ ಎಲ್ಲ ನೆಂಟರಿಗೂ ಫೋನು ಮಾಡಿದರು. ಅದಾದ ಮೇಲೆ ಇನ್ನೂ ಹದಿನೇಳು ಸಿಟ್ಟಿಂಗ್ ಆದವು, ಫಲ ಕೊಡುತ್ತಿರುವುದನ್ನು ಯಾರಾದರೂ ನಡುವೆ ಬಿಡುತ್ತಾರೆಯೇ?

ನಾಲ್ಕು ತಿಂಗಳ ಮೇಲೆ ಮೈಸೂರಿಗೆ ಹೋದಾಗ ಅಲ್ಲಿಯ ಥೆರಪಿಸ್ಟ್ ಹುಡುಗಿಗೆ ಹೇಳಿದೆ. ಖುಷಿಪಟ್ಟಳು. "ಏನಂದ ಮೇಡಂ?" ಬ್ಯಾಡ ಅಂದ. "ಯಾವಾಗ?" ಸೂಜಿ ಹಾಕೋವಾಗ. "ಆಮೇಲೆ?" ಆಮೇಲೆ ಅಂದರೆ... ಹಾಕಿದರು. ಅವಳು ಏನೂ ಅನ್ನಲಿಲ್ಲ. ತಲೆ ತಗ್ಗಿಸಿ ತನ್ನ ಹಾಳೆಯಲ್ಲಿ ಬರೆದುಕೊಂಡಳು. ನಾನು ಹಿಂದಿರುಗಿ ಬರುವ ರೈಲಿನಲ್ಲಿ ಅರಸೀಕೆರೆಯವರೆಗೂ ಆ "ಆಮೇಲೆ"ಯನ್ನೇ ಕೇಳಿಸಿಕೊಳ್ಳುತ್ತಿದ್ದೆ.

ಮಾತು ಎಂದರೆ ಏನು ಎಂದು ನಾವು ಅಲ್ಲಿಯವರೆಗೂ ಯೋಚಿಸಿಯೇ ಇರಲಿಲ್ಲ. ಬಾಯಿಂದ ಬರುವ ಸದ್ದು ಎಂದುಕೊಂಡಿದ್ದೆವು. ಆ ಹುಡುಗ ಮೂರೂವರೆ ವರ್ಷ ತಡೆದು, ಇರುವ ಶಕ್ತಿಯನ್ನೆಲ್ಲ ಒಟ್ಟು ಮಾಡಿ, ಕೇಳಬೇಕಾದವಳ ಮುಖ ನೋಡಿ ಒಂದು ಮಾತು ಹೇಳಿದ. ಹೇಳಿದ್ದು ಕೇಳಿಸಿತು, ಹೇಳಿದ್ದನ್ನು ಕೇಳಲಿಲ್ಲ.

ಓದಲು ಶುರುಮಾಡಿದ್ದು ಅದಾದ ಮೇಲೆ. ಬ್ಯಾಂಕಿನ ಕೆಲಸ ನನ್ನದು, ವೈದ್ಯದ ಗಂಧವಿಲ್ಲ. ಆದರೂ ಸಾಲದ ಅರ್ಜಿಗಳನ್ನು ಓದಿ ಓದಿ ಯಾವ ಲೆಕ್ಕ ಎಲ್ಲಿ ಬಾಯಿ ಬಿಡುತ್ತದೆ ಎಂದು ಸ್ವಲ್ಪ ಗೊತ್ತಾಗುತ್ತದೆ. 2011ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯ ಕಡೆಯಿಂದ ಬಂದ ಸಮೀಕ್ಷೆಯೊಂದಿದೆ. ಅದನ್ನು ಬರೆದ ತಂಡದಲ್ಲಿ ಹಾಂಗ್‌ಕಾಂಗ್‌ನ ಮಕ್ಕಳ ವೈದ್ಯೆ ವರ್ಜೀನಿಯಾ ವಾಂಗ್ ಇದ್ದರು. ಆಟಿಸಂ ಇರುವ ಮಕ್ಕಳ ನಾಲಿಗೆಗೆ ಸೂಜಿ ಹಾಕಿ ಪ್ರಯೋಗ ನಡೆಸಿದವರೇ ಅವರು. ಎಂದರೆ ಸೂಜಿಯನ್ನು ಹಳಿಯಲೆಂದು ಕೂತವರಲ್ಲ. ಹತ್ತು ಪ್ರಯೋಗಗಳು, ಒಟ್ಟು 390 ಮಕ್ಕಳು. ಚಿಕಿತ್ಸೆಯ ಅವಧಿ ನಾಲ್ಕು ವಾರದಿಂದ ಒಂಬತ್ತು ತಿಂಗಳವರೆಗೆ. ಅಸಲಿ ಸೂಜಿಯನ್ನು ಹುಸಿ ಸೂಜಿಯ ಜೊತೆ ಹೋಲಿಸಿದ ಎರಡು ಪ್ರಯೋಗಗಳಲ್ಲಿ ಆಟಿಸಂನ ಮುಖ್ಯ ಲಕ್ಷಣಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಭಾಷೆ, ಗ್ರಹಿಕೆಯ ಕೆಲವು ಅಳತೆಗಳಲ್ಲಿ ಮಾತ್ರ ಏನೋ ಸ್ವಲ್ಪ ಮೇಲಾದಂತೆ ಕಂಡಿತು. ಆದರೆ ಪ್ರಯೋಗಗಳು ಚಿಕ್ಕವು, ಒಂದಕ್ಕೊಂದು ತಾಳೆಯಿಲ್ಲ. ಆಟಿಸಂಗೆ ಅಕ್ಯುಪಂಕ್ಚರ್ ಬಳಸಿ ಎನ್ನುವಷ್ಟು ಆಧಾರವಿಲ್ಲ ಎಂದು ಮುಗಿಸಿದ್ದಾರೆ. ಆಮೇಲೆ ಚೀನಾದಿಂದ ಇನ್ನಷ್ಟು ಪ್ರಯೋಗಗಳು ಬಂದಿವೆ, ಅಂಕ ಇಳಿಯಿತು ಎನ್ನುತ್ತವೆ. ಬಹಳಷ್ಟರಲ್ಲಿ ಒಂದು ಗುಂಪಿಗೆ ತರಬೇತಿ ಮತ್ತು ಸೂಜಿ, ಇನ್ನೊಂದು ಗುಂಪಿಗೆ ಬರೀ ತರಬೇತಿ. ಯಾವ ಮಗುವಿಗೆ ಸೂಜಿ ಬಿತ್ತೆಂದು ಅಪ್ಪ ಅಮ್ಮನಿಗೆ ಗೊತ್ತು. ಜಾಮೀನು ಹಾಕಿದವನೇ ಆಸ್ತಿಗೆ ಬೆಲೆ ಕಟ್ಟಿದ ಹಾಗೆ.

ಹುಸಿ ಸೂಜಿಯ ಬಗ್ಗೆ ಓದಿದಾಗ ನಗು ಬಂತು. 1998ರಲ್ಲಿ ಜರ್ಮನಿಯಲ್ಲಿ ಸ್ಟ್ರೈಟ್‌ಬರ್ಗರ್ ಎಂಬವರು ಒಂದನ್ನು ಮಾಡಿದರು. ತುದಿ ಮೊಂಡು. ಚುಚ್ಚಿದರೆ ಸೂಜಿ ತನ್ನ ಹಿಡಿಯೊಳಗೇ ಸರಿದುಕೊಳ್ಳುತ್ತದೆ, ನೋಡುವವರಿಗೆ ಒಳಗೆ ಹೋದಂತೆ ಕಾಣುತ್ತದೆ. ನಮ್ಮ ಕಂಪನಿ ನಾಟಕದಲ್ಲಿ ಖಳನಾಯಕನ ಹೊಟ್ಟೆಗೆ ಇಳಿಯುತ್ತಿದ್ದ ಚೂರಿಯೇ ಸೈ! ಆದರೆ ಈ ನಾಟಕಕ್ಕೊಂದು ಕಾರಣವಿದೆ. ಆಟಿಸಂ ವಿಷಯದಲ್ಲಿ ಗುಣವಾಗಿದೆಯೇ ಎಂದು ಹೇಳುವವನು ರೋಗಿಯಲ್ಲ, ನೋಡುತ್ತಿರುವ ನಾನು. ನಂಬಿಕೆ ಕೆಲಸ ಮಾಡುವುದು ಮಗುವಿನ ಮೈಯಲ್ಲಲ್ಲ, ನನ್ನ ಕಣ್ಣಿನಲ್ಲಿ. ಸೂಜಿ ಶುರುವಾದ ಮೇಲೆ ನಾನು ಅವನ ತುಟಿಯನ್ನೇ ನೋಡುತ್ತ ಕೂತಿರುತ್ತಿದ್ದೆ. ಅದಕ್ಕೂ ಮೊದಲು ಅವನು ಎಷ್ಟು ಸಲ ತುಟಿ ಅಲ್ಲಾಡಿಸಿದ್ದನೋ, ಯಾರು ಎಣಿಸಿದ್ದರು?

ಎಣಿಸಿದ್ದೆ, ಒಂದು ಲೆಕ್ಕದಲ್ಲಿ. ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲು ತಪ್ಪಿದ ದಿನ ಗುರುತು ಹಾಕುವ ಗೋಡೆ ಕ್ಯಾಲೆಂಡರಿನಲ್ಲಿ ಅವನ ಹೊಸ ಸದ್ದುಗಳನ್ನೂ ಬರೆಯುತ್ತಿದ್ದೆ. ಹಳೆಯದನ್ನು ತೆಗೆದು ನೋಡಿದೆ. ಸೂಜಿಗೆ ಮುಂಚಿನ ತಿಂಗಳು "ನೀ" ಎಂದಿದೆ, ನೀರಿಗಿರಬೇಕು. ಸೂಜಿ ನಿಂತ ಮೇಲಿನ ತಿಂಗಳಲ್ಲಿ "ಬಾ", "ಕಾ". ನಡುವೆ "ಬ್ಯಾಡ", ಕೆಂಪು ಪೆನ್ನಿನಲ್ಲಿ, ಸುತ್ತ ಹೂವು ಬರೆದು. ಇದರಿಂದ ಸೂಜಿ ಕೆಲಸ ಮಾಡಿತೆಂದಾಗಲಿ ಮಾಡಲಿಲ್ಲವೆಂದಾಗಲಿ ಹೇಳಲಾಗದು. ಒಂದು ಮಗುವಿನ ಒಂದು ಕ್ಯಾಲೆಂಡರು ಅಷ್ಟು ಭಾರ ಹೊರುವುದಿಲ್ಲ. ಕೆಂಪು ಪೆನ್ನು ಎತ್ತಿದ್ದು ಯಾವುದಕ್ಕೆ ಎನ್ನುವುದು ಮಾತ್ರ ಕಂಡಿತು.

ಇಂಥದ್ದು ನಮಗೊಬ್ಬರಿಗೇ ಆದದ್ದಲ್ಲ. 1998ರಲ್ಲಿ ಅಮೆರಿಕದಲ್ಲಿ ಮೂವರು ಮಕ್ಕಳಿಗೆ ಸೆಕ್ರೆಟಿನ್ ಎಂಬ ಜೀರ್ಣಾಂಗದ ಹಾರ್ಮೋನು ಕೊಟ್ಟಾಗ, ಅದೂ ಹೊಟ್ಟೆಯ ಪರೀಕ್ಷೆಗೆಂದು ಕೊಟ್ಟದ್ದು, ಮಾತು ನೋಟ ಸುಧಾರಿಸಿತು ಎಂದು ವರದಿಯಾಯಿತು. ಅಪ್ಪ ಅಮ್ಮಂದಿರು ಮುಗಿಬಿದ್ದರು. ಮರುವರ್ಷ 60 ಮಕ್ಕಳ ಮೇಲೆ ಸರಿಯಾದ ಪ್ರಯೋಗ ನಡೆಯಿತು. ಅರ್ಧ ಮಕ್ಕಳಿಗೆ ಸೆಕ್ರೆಟಿನ್, ಅರ್ಧ ಮಕ್ಕಳಿಗೆ ಬರೀ ಉಪ್ಪುನೀರು. ಎರಡೂ ಗುಂಪಿನ ಮಕ್ಕಳು ಸುಧಾರಿಸಿದಂತೆ ಕಂಡರು, ಗುಂಪುಗಳ ನಡುವೆ ವ್ಯತ್ಯಾಸವಿಲ್ಲ. ಫಲಿತಾಂಶವನ್ನು ಹೆತ್ತವರಿಗೆ ತಿಳಿಸಿದ ಮೇಲೆ ಕೇಳಿದರು, ಈಗಲೂ ಮಗುವಿಗೆ ಸೆಕ್ರೆಟಿನ್ ಕೊಡಿಸುವ ಆಸಕ್ತಿ ಇದೆಯೇ ಎಂದು. ಶೇ. 69ರಷ್ಟು ಮಂದಿ ಇದೆ ಎಂದರು. ಅದನ್ನು ಓದಿದಾಗ ನನಗೆ ಸಿಟ್ಟು ಬರಲಿಲ್ಲ. ನಾನಾಗಿದ್ದರೂ ಹೂಂ ಅನ್ನುತ್ತಿದ್ದೆ.

ಅಪಾಯದ ಮಾತಾಡುವುದಾದರೆ ಸೂಜಿ ದೊಡ್ಡ ಅಪರಾಧಿಯಲ್ಲ. ರಕ್ತ ಜಿನುಗುವುದು, ಕಂದುಗಟ್ಟುವುದು, ಅಳು. ಮೈಯಿಂದ ಲೋಹ ತೆಗೆಯುತ್ತೇವೆಂದು ಮಾಡುವ ಕೀಲೇಷನ್ನಿನಿಂದ 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಹುಡುಗನೊಬ್ಬ ಸತ್ತೇ ಹೋದ. ಅದರ ಮುಂದೆ ಸೂಜಿ ಪಾಪದ್ದು. ಆದರೆ ಅಡ್ಡಪರಿಣಾಮದ ಪಟ್ಟಿಯಲ್ಲಿ ನಮ್ಮ ಕೈಗಳ ವಿಷಯ ಬರುವುದಿಲ್ಲ. ಇಪ್ಪತ್ತನಾಲ್ಕು ಸಿಟ್ಟಿಂಗ್ ಅವನನ್ನು ಅದುಮಿ ಹಿಡಿದ ಕೈ ಅನ್ನ ತಿನ್ನಿಸುವ ಕೈಯೇ. ಎಷ್ಟೋ ದಿನ ನಾನು ಬಾಚಣಿಗೆ ಹಿಡಿದು ಹತ್ತಿರ ಹೋದರೂ ಕುತ್ತಿಗೆ ಒಳಗೆಳೆದುಕೊಳ್ಳುತ್ತಿದ್ದ.

ಮೈಸೂರಿನ ಆ ಹುಡುಗಿ ಮುಂದಿನ ಭೇಟಿಯಲ್ಲಿ ನಾವಿಬ್ಬರೂ ಆಡುವುದನ್ನು ಐದು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿ ನನಗೇ ತೋರಿಸಿದಳು. ನೋಡಲಾಗಲಿಲ್ಲ. ಐದು ನಿಮಿಷಕ್ಕೆ ಮೂವತ್ತೊಂದು ಸಲ "ಇದೇನು? ಹೇಳು, ಇದೇನು?" ಎಂದಿದ್ದೆ. ನಾಲ್ಕು ಸಲ ಅವನು ನನ್ನ ಕಡೆ ನೋಡಿದ್ದ, ನಾಲ್ಕೂ ಸಲ ನಾನು ಬ್ಲಾಕುಗಳನ್ನು ನೋಡುತ್ತಿದ್ದೆ. ಹೀಗೆ ವಿಡಿಯೊ ತೋರಿಸಿ ಹೆತ್ತವರಿಗೆ ಕಲಿಸುವ ವಿಧಾನವನ್ನು ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಜೊತೆ ಪ್ರಯೋಗ ಮಾಡಿ 2016ರಲ್ಲಿ ಪ್ರಕಟಿಸಿದ್ದಾರೆ, ಕಲಿಸಿದವರು ದೊಡ್ಡ ತಜ್ಞರಲ್ಲ, ತರಬೇತಿ ಕೊಟ್ಟ ಸಾಮಾನ್ಯ ಕಾರ್ಯಕರ್ತರು. ಹೆತ್ತವರು ಮಗುವಿನ ಗತಿಗೆ ತಕ್ಕಂತೆ ಸ್ಪಂದಿಸುವುದು ಹೆಚ್ಚಾಯಿತು, ಮಕ್ಕಳು ತಾವಾಗಿ ಮುಂದಾಗುವುದೂ ಹೆಚ್ಚಾಯಿತು. ಆಟಿಸಂ ಹೋಯಿತೆಂದು ಯಾರೂ ಹೇಳಿಲ್ಲ. ನನ್ನ ಮಗನದೂ ಹೋಗಿಲ್ಲ. ಸುಮ್ಮನೆ ಕೂರುವುದನ್ನು ಕಲಿಯಲು ನನಗೇ ಒಂದು ವರ್ಷ ಹಿಡಿಯಿತು, ಅದೂ ಪೂರ್ತಿ ಬಂದಿಲ್ಲ.

ಅತ್ತೆಯ ಗಂಟೆ ಬಾಕಿ ಇತ್ತಲ್ಲ. "ಬ್ಯಾಡ ಅಂದದ್ದೂ ಮಾತೇ, ದೇವರ ಸಾಲ ಇಟ್ಕಾಬಾರದು" ಎಂದು ಹಟ ಹಿಡಿದು ಹೊರಡಿಸಿದರು. ಮಿಕ್ಸರ್ ಸದ್ದಿಗೆ ಕಿವಿ ಮುಚ್ಚುವ ಹುಡುಗ, ಸಾಲು ಸಾಲು ಗಂಟೆ ತೂಗಿದ ಜಾಗಕ್ಕೆ ಕರೆದೊಯ್ದರೆ ಏನು ಗತಿ ಎಂದು ನಾನು ಹೆದರಿದ್ದೆ. ಅವನು ಗಂಟೆಗಳ ಕೆಳಗೆ ಹೋಗಿ ನಿಂತ. ಕಿವಿ ಮುಚ್ಚಲಿಲ್ಲ. ಒಂದೊಂದನ್ನೇ ಬೆರಳಲ್ಲಿ ತಟ್ಟಿ, ಸದ್ದು ನಿಲ್ಲುವವರೆಗೂ ಕಾದು, ಇನ್ನೊಂದನ್ನು ತಟ್ಟಿದ. ಹಿಂದೆ ಜನ ಕಾಯುತ್ತಿದ್ದರು. ಅವತ್ತು ಯಾರು ಏನಂದರೂ ನಾನು ಅವನನ್ನು ಎಳೆಯಲಿಲ್ಲ.

ಈಗ ಅವನಿಗೆ ಹನ್ನೊಂದು. ಎರಡು ಮೂರು ಪದ ಜೋಡಿಸುತ್ತಾನೆ, ಉಳಿದದ್ದಕ್ಕೆ ಚಿತ್ರ ಒತ್ತಿದರೆ ಮಾತಾಡುವ ಟ್ಯಾಬ್ ಇದೆ. ಕ್ಷೌರ ಮನೆಯಲ್ಲೇ, ನಾಲ್ಕು ಕಂತಿನಲ್ಲಿ. ಬ್ಯಾಡ ಅಂದರೆ ಅವತ್ತಿಗೆ ಕತ್ತರಿ ಕೆಳಗೆ. ಎರಡೂ ಕಡೆ ಸಮ ಇಲ್ಲದ ತಲೆಯಲ್ಲೇ ಒಂದು ವಾರ ಓಡಾಡುತ್ತಾನೆ.

ಮೊನ್ನೆ ಹರಿಹರದಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ನಂಬರು ಯಾರೋ ಕೊಟ್ಟಿದ್ದರಂತೆ. ಮಗಳಿಗೆ ಮೂರು ವರ್ಷ. "ನಿಮ್ಮ ಹುಡುಗಗೆ ಸೂಜಿ ಹಾಕ್ಸಿದ್ರಂತಲ್ಲ ಅಕ್ಕಾ, ಮಾತು ಬಂತಾ?" ನಾನು ಮೇಲೆ ಬರೆದದ್ದೆಲ್ಲವನ್ನೂ ಹೇಳಿದೆ. ಹಾಂಗ್‌ಕಾಂಗ್, ಉಪ್ಪುನೀರು, ಕ್ಯಾಲೆಂಡರು, ಏಳನೆಯ ಸಿಟ್ಟಿಂಗು, ಎಲ್ಲವನ್ನೂ. ಆಕೆ ಮಧ್ಯೆ ಒಮ್ಮೆಯೂ ಬಾಯಿ ಹಾಕದೆ ಕೇಳಿಸಿಕೊಂಡರು. ಹಿಂದೆ ಮಗು ಯಾವುದೋ ಪಾತ್ರೆ ಬಡಿಯುವ ಸದ್ದು ಬರುತ್ತಿತ್ತು.

"ಹೌದೇನಕ್ಕಾ" ಅಂದರು ಕೊನೆಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಸಿಟ್ಟಿಂಗ್‌ಗೆ ಎಷ್ಟು ತಗಂತಾರೆ?"